ಲೆಕ್ಕಕ್ಕಿಲ್ಲದ ಕೈ

31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ‘ಗೊತ್ತಿರೋರು ಕೈ ಎತ್ತಿ’ ಅಂತ ಅದೆಷ್ಟು ಸಲ ಹೇಳಿದ್ದೇನೋ. ಆದರೆ ನಾನೇ ಕೈ ಎತ್ತಿ, ‘ಸಾರ್, ನಿಮ್ಮದು ಇಳಿಸಿ, ಅದು ಲೆಕ್ಕಕ್ಕಿಲ್ಲ’ ಅಂತ ಅನ್ನಿಸಿಕೊಂಡದ್ದು ನಿವೃತ್ತಿಯಾದ ಮೇಲೆ, ನಮ್ಮೂರ ಪುರಸಭೆಯ ಸಭಾಂಗಣದಲ್ಲಿ. ಹಾಗೆ ಹೇಳಿದವನು ನನ್ನ ಹಳೇ ವಿದ್ಯಾರ್ಥಿ. ಈಗ 9ನೇ ವಾರ್ಡಿನ ಸದಸ್ಯ.

ಊರಿನ ಹೆಸರು ಬೇಡ. ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಸೀಮೆ ಅಂದುಕೊಳ್ಳಿ, ಸಾಕು. ಜನರಿಗೂ ಹೆಸರು ಕೊಡುವುದಿಲ್ಲ. ವಾರ್ಡ್ ನಂಬರಿನಲ್ಲೇ ಹೇಳುತ್ತೇನೆ. ಸಭೆಯಲ್ಲೂ ಅಷ್ಟೇ, ಬೈಯುವಾಗ ಬಿಟ್ಟರೆ ಯಾರೂ ಯಾರ ಹೆಸರನ್ನೂ ಹೇಳುವುದಿಲ್ಲ.

ನಾನು ಚುನಾವಣೆಗೆ ನಿಂತವನಲ್ಲ. ನಾಮನಿರ್ದೇಶಿತ ಸದಸ್ಯ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ ಸರ್ಕಾರ ಐದು ಜನರವರೆಗೆ ಹೀಗೆ ನೇಮಿಸಬಹುದು. ಪುರಸಭೆ ಆಡಳಿತ, ಆರೋಗ್ಯ, ಶಿಕ್ಷಣ ತಿಳಿದವರು, ಸಮಾಜ ಸೇವೆ ಮಾಡಿದವರು ಅಂತೆಲ್ಲ ಅದರಲ್ಲಿ ಬರೆದಿದೆ. ನಡೆಯುವುದು ಬೇರೆ. ಯಾರಿಗೆ ಯಾರು ಗೊತ್ತು ಅನ್ನುವುದರ ಮೇಲೆ ಪಟ್ಟಿ ಆಗುತ್ತದೆ. ನನ್ನ ಹೆಸರೂ ಹಾಗೇ ಹೋಗಿದ್ದು, ಸುಳ್ಳು ಯಾಕೆ ಹೇಳಲಿ? ನಾವು ಸಭೆಯಲ್ಲಿ ಕೂರಬಹುದು, ಮಾತಾಡಬಹುದು. ಮತ ಹಾಕುವಂತಿಲ್ಲ. ಇದು ಸಂವಿಧಾನದ 243ಆರ್ ವಿಧಿಯಲ್ಲೇ ಇದೆ. ಶಾಸಕರು, ಸಂಸದರು ಬಂದರೆ ಅವರಿಗೆ ಮತ ಉಂಟು. ನಮಗಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸರ್ಕಾರ ಬದಲಾದರೆ ಆಟಕ್ಕೂ ಇಲ್ಲ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತಾ ಅಂದರೆ, ಓದಿದ್ದೆ. ಆದರೂ ಕೈ ತಾನಾಗೇ ಮೇಲೆ ಹೋಯಿತು.

ಸ್ವಲ್ಪ ಹಿಂದಿನದು ಹೇಳಬೇಕು. ನಮ್ಮಲ್ಲಿ ಚುನಾವಣೆ ಆದದ್ದು 2018ರಲ್ಲಿ. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋಗಿ, ಗೆದ್ದವರು ಎರಡು ವರ್ಷ ಸುಮ್ನೆ ಕೂತಿದ್ದರು. 2020ರ ಕೊನೆಗೆ ಮೊದಲ ಅವಧಿ ಶುರುವಾಯಿತು. ಒಂದು ಅವಧಿ ಅಂದರೆ 30 ತಿಂಗಳು. 2023ರಲ್ಲಿ ಅದು ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ನಡುವೆ ಒಂದು ವರ್ಷದ ಮೇಲೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಸಹಿಯಲ್ಲೇ ಎಲ್ಲ ನಡೆಯಿತು. ಸಭಾಂಗಣಕ್ಕೆ ಬೀಗ. ಆ ದಿನಗಳಲ್ಲಿ ನಲ್ಲಿ ನೀರು ನಿಂತಿರಲಿಲ್ಲ, ಕಸದ ಗಾಡಿಯೂ ಬರುತ್ತಿತ್ತು ಅಂತ ನಮ್ಮ ಮನೆಯವಳು ಈಗಲೂ ನೆನಪಿಸುತ್ತಾಳೆ. ಅವಳ ಪ್ರಕಾರ ನಮ್ಮ ಸಭೆಯೇ ದಂಡ.

ಬೀಗ ತೆಗೆದ ಮೇಲೆ ನಾನು ಕೂತ ಮೊದಲ ಸಭೆ. ವಾರಕ್ಕೆ ಮೊದಲೇ ಜವಾನ ಅಜೆಂಡಾ ತಂದುಕೊಟ್ಟು ಸಹಿ ಹಾಕಿಸಿಕೊಂಡು ಹೋದ. 27 ವಿಷಯ. ಪ್ರತಿಯೊಂದೂ ‘ಚರ್ಚಿಸಿ ತೀರ್ಮಾನಿಸುವ ಬಗ್ಗೆ’ ಅಂತ ಮುಗಿಯುತ್ತದೆ. ಕೊನೆಯದು ಯಾವಾಗಲೂ ಒಂದೇ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ಅಜೆಂಡಾದಲ್ಲಿ ಹಾಕಿದರೆ ಗಲಾಟೆ ಆಗುತ್ತದೆ ಅನ್ನಿಸಿದ್ದೆಲ್ಲ ಈ ಬಾಗಿಲಿನಿಂದ ಒಳಗೆ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು.

ಬೆಳಿಗ್ಗೆ ಹನ್ನೊಂದಕ್ಕೆ ಅಂದಿದ್ದರು. ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಆದದ್ದು ಹನ್ನೆರಡಕ್ಕೆ. ಹಾಜರಾತಿ ಪುಸ್ತಕಕ್ಕೆ ಸಹಿ ಹಾಕಿ ಕೆಲವರು ಟೀ ಕುಡಿಯಲು ಹೋದವರು ಬರಲೇ ಇಲ್ಲ. ಅಧ್ಯಕ್ಷರು ಹೆಂಗಸು, ಮೀಸಲಾತಿಯಲ್ಲಿ ಬಂದವರು. ಸದಸ್ಯರಲ್ಲೂ ಅರ್ಧಕ್ಕರ್ಧ ಹೆಂಗಸರೇ. ಅವರಲ್ಲಿ ನಾಲ್ಕೈದು ಜನರ ಗಂಡಂದಿರು ಹಿಂದಿನ ಸಾಲಿನ ಪ್ಲಾಸ್ಟಿಕ್ ಖುರ್ಚಿಗಳಲ್ಲಿ ಕೂತಿದ್ದರು. ಅಧ್ಯಕ್ಷರ ಗಂಡ ಬಾಗಿಲಿಗೆ ಒರಗಿಕೊಂಡು ನಿಂತಿದ್ದರು.

ಮೊದಲು ಹಿಂದಿನ ಸಭೆಯ ನಡಾವಳಿ ದೃಢೀಕರಣ, ಅಂದರೆ ಆ ಸಭೆಯಲ್ಲಿ ಏನಾಯಿತು ಅಂತ ಬರೆದಿಟ್ಟದ್ದಕ್ಕೆ ಒಪ್ಪಿಗೆ. ಆಮೇಲೆ ಜಮಾ-ಖರ್ಚು. ‘ಓಕೆನಾ?’ ‘ಓಕೆ.’ ಮುಗಿಯಿತು. ಚರಂಡಿ ಕಾಮಗಾರಿಯ ಟೆಂಡರ್ ಬಂತು, ಲಕ್ಷಾಂತರ ರೂಪಾಯಿಯದು. ಅದಕ್ಕೂ ಓಕೆ. ಅರ್ಧ ನಿಮಿಷ ಹಿಡಿಯಿತೋ ಏನೋ. ಬೀದಿದೀಪದ ಎಲ್‌ಇಡಿ ಬಲ್ಬು ಬಂದಾಗ ಮಾತ್ರ ಇಡೀ ಸಭೆ ಎದ್ದು ನಿಂತಿತು. ಯಾವ ವಾರ್ಡಿಗೆ ಎಷ್ಟು, ಹೋದ ಸಲ ಯಾರಿಗೆ ಜಾಸ್ತಿ ಹೋಯಿತು, ಹಾಕಿದ ಬಲ್ಬು ಯಾರ ತೋಟದ ಮನೆಯಲ್ಲಿದೆ. ನಲವತ್ತು ನಿಮಿಷ. ಆಗ ನಗು ಬಂತು. ಈಗ ಬರುವುದಿಲ್ಲ. ರಾತ್ರಿ ಎಂಟಕ್ಕೆ ಸದಸ್ಯನ ಮನೆ ಬಾಗಿಲಿಗೆ ಬಂದು ಜನ ಕೇಳುವುದು ಬಲ್ಬನ್ನೇ. ಟೆಂಡರ್ ಅಂದಾಜಿಗಿಂತ ಎಷ್ಟು ಜಾಸ್ತಿಗೆ ಹೋಯಿತು ಅಂತ ಯಾರೂ ಬಂದು ಕೇಳುವುದಿಲ್ಲ.

ಒಂದು ವಿಷಯ ಮಾತ್ರ ನನ್ನ ಗಣಿತಕ್ಕೆ ಹತ್ತಿರವಾಗಿತ್ತು. ಪುರಸಭೆಯ ಸ್ವಂತ ಆದಾಯದಲ್ಲಿ ಶೇ. 24.10 ಪರಿಶಿಷ್ಟರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಆ ಹಣದಲ್ಲಿ ಹೊಲಿಗೆ ಯಂತ್ರ, ವಿದ್ಯಾರ್ಥಿಗಳಿಗೆ ಸಹಾಯಧನ, ಮೂರು ಚಕ್ರದ ಗಾಡಿ ಕೊಡುತ್ತಾರೆ. ಫಲಾನುಭವಿಗಳ ಪಟ್ಟಿ ಓದಿದರು. ಒಂದೇ ಮನೆಯ ಎರಡು ಹೆಸರು ಇತ್ತು. ಹೇಳಿದೆ. ತೆಗೆದರು. ‘ಮೇಷ್ಟ್ರು ಪೇಪರ್ ತಿದ್ದೋಕೆ ಬಂದವ್ರೆ’ ಅಂತ ಯಾರೋ ಅಂದರು. ಎಲ್ಲರೂ ನಕ್ಕರು, ನಾನೂ.

19ನೇ ವಿಷಯ ಸಂತೆಯದು.

ನಮ್ಮೂರ ಸಂತೆ ಗುರುವಾರ. ಬಸ್‌ ಸ್ಟ್ಯಾಂಡಿನಿಂದ ಹಿಡಿದು ಹಳೇ ಆಸ್ಪತ್ರೆ ತನಕ ರಸ್ತೆಯ ಎರಡೂ ಕಡೆ ಕೂರುತ್ತಾರೆ. ಕಡೂರು ಕಡೆಯ ಈರುಳ್ಳಿ, ಸುತ್ತಿನ ಹಳ್ಳಿಗಳ ಸೊಪ್ಪು, ಹುಣಸೆಹಣ್ಣು, ಮೆಣಸಿನಕಾಯಿ, ಹಗ್ಗ, ಕುಡುಗೋಲು. ಆ ದಿನ ಆ ರಸ್ತೆಯಲ್ಲಿ ಸೈಕಲ್ಲೂ ಹೋಗುವುದಿಲ್ಲ. ಹೋದ ವರ್ಷ ನಮ್ಮ ಪಕ್ಕದ ಮನೆಯವರನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಕುಂಬಳಕಾಯಿ ರಾಶಿಯ ಹಿಂದೆ ಇಪ್ಪತ್ತು ನಿಮಿಷ ನಿಂತಿತ್ತು. ಜೀವ ಉಳಿಯಿತು. ಆದರೆ ಆ ಇಪ್ಪತ್ತು ನಿಮಿಷ ನಾನು ಒಳಗೆ ಅವರ ಪಕ್ಕದಲ್ಲೇ ಕೂತಿದ್ದೆ. ಹಾಗಾಗಿ ಸಂತೆಯನ್ನು ಎಪಿಎಂಸಿ ಪಕ್ಕದ ಪುರಸಭೆ ಜಾಗಕ್ಕೆ ಒಯ್ಯಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿರಲಿಲ್ಲ.

ಬೇರೆಯವರಿಗೆ ಇತ್ತು. ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದ್ದವರಿಗೆ ಸಂತೆ ಹೋಗಬೇಕು. ಹೋಟೆಲ್ ಇದ್ದವರಿಗೆ ಇರಬೇಕು. ಸಂತೆ ಸುಂಕ ಹರಾಜು ಹಿಡಿದವನಿಗೆ ಈ ವರ್ಷದ ಮಟ್ಟಿಗೆ ಏನೂ ಅಲುಗಾಡಬಾರದು. ಇವರೆಲ್ಲರಿಗೂ ಸಭೆಯಲ್ಲಿ ಒಬ್ಬೊಬ್ಬ ನೆಂಟ ಇದ್ದ. ಕೂಗಾಟ ಜಾಸ್ತಿಯಾದಾಗ ಅಧ್ಯಕ್ಷರು, ‘ಪರವಾಗಿರೋರು ಕೈ ಎತ್ತಿ, ನೋಡೋಣ’ ಅಂದರು.

ಆಗಲೇ ನನ್ನ ಕೈ ಹೋದದ್ದು.

‘ಸಾರ್, ನಿಮ್ಮದು ಇಳಿಸಿ.’ 9ನೇ ವಾರ್ಡಿನವನು ಮೆಲ್ಲಗೇ ಹೇಳಿದ, ಆದರೆ ಮೈಕು ಆನ್ ಆಗಿತ್ತು. ನಗು ಎದ್ದಿತು. ನಗುವಿನಲ್ಲೇ ಜಗಳ ಹತ್ತಿತು. ನಾಮನಿರ್ದೇಶಿತರನ್ನು ತುಂಬಿ ಸಭೆ ಹಾಳು ಮಾಡುತ್ತಿದ್ದಾರೆ ಅಂತ ಒಬ್ಬರು, ಹೋದ ಸರ್ಕಾರದಲ್ಲಿ ನೀವು ತುಂಬಿದವರು ಯಾರು ಅಂತ ಇನ್ನೊಬ್ಬರು. ಕೈಗಳ ಲೆಕ್ಕ ಯಾರೂ ತೆಗೆಯಲಿಲ್ಲ. ಅಧ್ಯಕ್ಷರು ಮೇಜು ಕುಟ್ಟಿ, ‘ಇದನ್ನ ಮುಂದಿನ ಸಭೆಗೆ ಇಡಿ’ ಅಂದರು. ಕೋಡುಬಳೆ, ಟೀ ಬಂತು. ಎಲ್ಲ ತಣ್ಣಗಾಯಿತು.

ಮುಂದಿನ ಸಭೆಯ ಅಜೆಂಡಾ ಬರುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಜೊತೆಗೆ ಹಿಂದಿನ ನಡಾವಳಿಯ ಪ್ರತಿ ಇಟ್ಟಿದ್ದರು. ಮಧ್ಯಾಹ್ನ ಊಟ ಮಾಡಿ, ಅಭ್ಯಾಸಬಲದಿಂದ ಕೆಂಪು ಪೆನ್ನು ಹಿಡಿದು ಕೂತೆ. ಚರಂಡಿ ಟೆಂಡರಿನ ಮುಂದೆ ‘ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಲಾಗಿ, ಸರ್ವಾನುಮತದಿಂದ ಅನುಮೋದಿಸಲಾಯಿತು’. ಅರ್ಧ ನಿಮಿಷದ ಸುದೀರ್ಘ ಚರ್ಚೆ. ಹೋಗಲಿ ಅಂತ ಮುಂದೆ ಹೋದೆ. 19ನೇ ವಿಷಯಕ್ಕೆ ಬಂದರೆ ಅಲ್ಲೂ ಅದೇ ಸಾಲು! ಸಂತೆ ಸ್ಥಳಾಂತರಕ್ಕೆ ಸಭೆ ಸರ್ವಾನುಮತದಿಂದ ಒಪ್ಪಿದೆ, ಮುಂದಿನ ಕ್ರಮಕ್ಕೆ ಮುಖ್ಯಾಧಿಕಾರಿಯವರಿಗೆ ಅಧಿಕಾರ ನೀಡಿದೆ.

9ನೇ ವಾರ್ಡಿನವನಿಗೆ ಫೋನ್ ಮಾಡಿದೆ.

‘ಸಾರ್, ಅದು ಹಾಗೇ ಬರಿಯೋದು. ಫಾರ್ಮ್ಯಾಟು.’

‘ಮುಂದಿನ ಸಭೆಗೆ ಇಡಿ ಅಂದಿದ್ದು ಎಲ್ಲೋ ಹೋಯ್ತು?’

‘ಬಿಡಿ ಸಾರ್. ನಿಮಗೂ ಸಂತೆ ಹೋಗ್ಬೇಕು ತಾನೇ? ಹೋಗುತ್ತೆ.’

‘ಸ್ಟೆಪ್ಸ್ ಬರೀದೆ ಬರೀ ಆನ್ಸರ್ ಬರ್ದಾಗ ನಿಂಗೆ ಎಷ್ಟು ಮಾರ್ಕ್ಸ್ ಕೊಟ್ಟಿದ್ದೆ?’

‘ಸೊನ್ನೆ ಸಾರ್’ ಅಂದ. ಇಪ್ಪತ್ತೈದು ವರ್ಷ ಆದರೂ ಆ ಸಿಟ್ಟು ಇನ್ನೂ ಇತ್ತು ಅವನಿಗೆ.

ಮಾರನೇ ದಿನ ಕಚೇರಿಗೆ ಹೋದೆ. ನಡಾವಳಿ ಬರೆಯುವ ಹುಡುಗಿ ಪಾಪ ಹೆದರಿದಳು. ‘ಸಭೆ ದಿನ ರಫ್ ಆಗಿ ಬರ್ಕೋತೀವಿ ಸಾರ್. ಆಮೇಲೆ ಫೇರ್ ಮಾಡ್ತೀವಿ. ಫೇರ್ ಮಾಡುವಾಗ ಒಬ್ಬೊಬ್ರು ಬಂದು ಒಂದೊಂದು ಹೇಳ್ತಾರೆ.’ ಯಾರು ಬಂದು ಏನು ಹೇಳಿದರು ಅಂತ ನಾನು ಕೇಳಲಿಲ್ಲ. ಅವಳು ಅಲ್ಲೇ ನೌಕರಿ ಮಾಡಬೇಕು. ರಫ್ ಪುಸ್ತಕ ತೋರಿಸಿದಳು. ‘ವಿ. 19 – ಮುಂದಿನ ಸಭೆ’ ಅಂತ ಪೆನ್ಸಿಲಿನಲ್ಲಿ ಇತ್ತು. ಸಭೆ ನಡೆಯುವುದು ಮೂರು ಗಂಟೆ. ಅದು ಏನಾಯಿತು ಅಂತ ತೀರ್ಮಾನ ಆಗುವುದು ಅದರ ಮುಂದಿನ ವಾರ, ಈ ಫೇರ್ ಕಾಪಿಯಲ್ಲಿ. ಕಾಗದದಲ್ಲಿ ಇದ್ದದ್ದೇ ಠರಾವು. ಬಿಲ್ಲು, ವರ್ಕ್ ಆರ್ಡರ್, ಕೋರ್ಟು ಎಲ್ಲವೂ ನೋಡುವುದು ಆ ಹಾಳೆಯನ್ನೇ. ಎತ್ತಿದ ಕೈಗೆ ಅಲ್ಲಿ ಸಾಕ್ಷಿ ಇರುವುದಿಲ್ಲ.

ಎರಡನೇ ಸಭೆ. ಹಿಂದಿನ ನಡಾವಳಿ ದೃಢೀಕರಣ. ‘ಓಕೆನಾ?’ ‘ಓಕೆ’ ಅನ್ನುವಷ್ಟರಲ್ಲಿ ಎದ್ದು ನಿಂತೆ. ಕಾಲು ನಡುಗುತ್ತಿತ್ತು, ಅದೂ ನಿಜ. 19ನೇ ವಿಷಯ ಓದಿ, ಇದು ಹೀಗೆ ಆಗಿರಲಿಲ್ಲ ಅಂದೆ.

‘ವೋಟೇ ಇಲ್ದೋರು ಆಕ್ಷೇಪಣೆ ಹೆಂಗ್ ಮಾಡ್ತಾರ್ರೀ?’ 14ನೇ ವಾರ್ಡಿನವರು ಕೇಳಿದರು.

ಮುಖ್ಯಾಧಿಕಾರಿ ಊರಿಗೆ ಹೊಸಬರು. ಅದಕ್ಕೇ ಇರಬೇಕು, ಪುಸ್ತಕ ತಿರುವಿ, ‘ಮಾತಾಡೋಕೆ ಅಡ್ಡಿ ಇಲ್ಲ’ ಅಂದುಬಿಟ್ಟರು. ಆಮೇಲೆ ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಯಾರು ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಆ ಕಡೆ ತಿರುಗಲಿಲ್ಲ ಆಯಮ್ಮ.

‘ಮುಂದಿನ ಸಭೆಗೆ ಇಡಿ ಅಂತ ನಾನೇ ಅಂದಿದ್ದು. ತಿದ್ದಿ’ ಅಂದರು.

ಅಲ್ಲೇ ಕೆಂಪು ಗೀಟು ಎಳೆದು, ಪಕ್ಕದಲ್ಲಿ ಸರಿ ಬರೆದು ಸಹಿ ಹಾಕಿದರು. ವಿಷಯ ಇವತ್ತೇ ತಗೊಳ್ಳಿ, ಓಟಿಗೆ ಹಾಕಿ ಅಂತ ಎರಡೂ ಕಡೆಯವರು ಕೂಗಿದರು. ಎರಡೂ ಕಡೆಗೆ ಗೆಲ್ಲುವ ಧೈರ್ಯ ಇತ್ತು ಅಂತ ಕಾಣುತ್ತದೆ.

ಆವತ್ತಿನ ಚರ್ಚೆ ನಿಜಕ್ಕೂ ಚರ್ಚೆ. ಒಂದೂವರೆ ಗಂಟೆ. ಹೊಸ ಜಾಗ ಬಸ್‌ ಸ್ಟ್ಯಾಂಡಿನಿಂದ ಒಂದೂವರೆ ಕಿಲೋಮೀಟರ್. ಬೆಳಗಿನ ಮೊದಲ ಬಸ್ಸಿಗೆ ಸೊಪ್ಪಿನ ಗಂಟು ಹೊತ್ತು ಇಳಿಯುವ ಹೆಂಗಸರು ಆಟೋಗೆ ಕೊಟ್ಟರೆ ಅವರಿಗೆ ಉಳಿಯುವುದೇನು ಅಂತ 17ನೇ ವಾರ್ಡಿನವರು ಕೇಳಿದರು. ಅಲ್ಲಿ ನೆರಳಿಲ್ಲ, ನೀರಿಲ್ಲ, ಶೌಚಾಲಯ ಇಲ್ಲ. ನಾನೂ ಎರಡು ಮಾತು ಹೇಳಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ವ್ಯಾಪಾರಿಗಳನ್ನು ಬೇರೆ ಕಡೆಗೆ ಕಳಿಸಬೇಕಾದರೆ ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸು ಬೇಕು. ಆ ಸಮಿತಿಯಲ್ಲಿ ಶೇ. 40ಕ್ಕೆ ಕಮ್ಮಿಯಾಗದಂತೆ ವ್ಯಾಪಾರಿಗಳೇ ಇರಬೇಕು. ಎತ್ತಂಗಡಿಗೆ ಮುಂಚೆ 30 ದಿನದ ನೋಟಿಸ್ ಕೊಡಬೇಕು. ‘ಸಮಿತಿ ಇದೆಯಾ?’ ಅಂತ ಕೇಳಿದೆ. ‘ಇದೆ’ ಅಂತ ಉತ್ತರ ಬಂತು. ‘ಸಭೆ ಸೇರಿದೆಯಾ?’ ಅದಕ್ಕೆ ಉತ್ತರ ಬರಲಿಲ್ಲ. ಫೈಲು ತಿರುವುವ ಸದ್ದು ಬಂತು.

ಕೊನೆಗೆ ಎರಡು ಪ್ರಸ್ತಾವ ನಿಂತವು. ಒಂದು, ಈಗಲೇ ಸಂತೆ ಸ್ಥಳಾಂತರ. ಇನ್ನೊಂದು 17ನೇ ವಾರ್ಡಿನವರದು: ಸಮಿತಿಯ ಶಿಫಾರಸು ತಗೊಂಡು, ನೀರು, ಶೌಚಾಲಯ, ನೆರಳು ಆದ ಮೇಲೆ ಸ್ಥಳಾಂತರ. 23 ಜನರಲ್ಲಿ ಇಬ್ಬರು ಗೈರು. ಶಾಸಕರು ಬಂದಿರಲಿಲ್ಲ. ಅಧ್ಯಕ್ಷರೂ ಸೇರಿ 21 ಮತ. ಬೆಸ ಸಂಖ್ಯೆ. ಸಮ ಬಂದಾಗ ಅಧ್ಯಕ್ಷರು ಹಾಕುವ ನಿರ್ಣಾಯಕ ಮತದ ಅಗತ್ಯ ಬರುವುದಿಲ್ಲ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಮೊದಲನೆಯದಕ್ಕೆ ಕೈ ಎತ್ತಿಸಿದರು. 11. ಎರಡನೆಯದಕ್ಕೆ ಎತ್ತಿಸಿದರು. 11.

21 ಜನ, 22 ಕೈ.

ಇಡೀ ಸಭೆ ನನ್ನ ಕಡೆ ತಿರುಗಿತು. ನಾನು ಎರಡೂ ಕೈಯನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಅಂಗೈ ಕೆಳಗೆ ಮಾಡಿ ಇಟ್ಟಿದ್ದೆ. ಆ ದಿನ ಮನೆಯಿಂದ ಹೊರಡುವಾಗಲೇ ಹಾಗೆ ಅಂದುಕೊಂಡು ಬಂದಿದ್ದೆ. ‘ನನ್ನದಲ್ಲಪ್ಪ’ ಅಂದೆ.

ಮುಖ್ಯಾಧಿಕಾರಿ ವಾರ್ಡ್ ಪ್ರಕಾರ ಹೆಸರು ಕೂಗಿ ಬರೆದುಕೊಳ್ಳೋಣ ಅಂದರು. ಒಂದು, ಎರಡು, ಮೂರು. 6ನೇ ವಾರ್ಡಿಗೆ ಬಂದಾಗ ಆಯಮ್ಮ ಎದ್ದು ನಿಂತರು, ಸೆರಗು ಸರಿಮಾಡಿಕೊಂಡರು, ಮಾತಾಡಲಿಲ್ಲ. ಎಪ್ಪತ್ತರ ಹತ್ತಿರದ ಹೆಂಗಸು. ಆ ಎರಡು ಸಭೆಗಳಲ್ಲಿ ಅವರ ದನಿಯನ್ನೇ ನಾನು ಕೇಳಿರಲಿಲ್ಲ. ಸಹಿ ಹಾಕುತ್ತಾರೆ, ಟೀ ಕುಡಿಯುತ್ತಾರೆ, ಹೋಗುತ್ತಾರೆ.

‘ಯಾವುದಕ್ಕಮ್ಮ?’ ಅಧ್ಯಕ್ಷರು ಕೇಳಿದರು.

‘ಎರಡಕ್ಕೂ ಎತ್ತಿದ್ದು ನಾನೇ ಕಣವ್ವ’ ಅಂದರು. ‘ಈ ಸಂತೇಲಿ ಹದಿನೈದು ವರ್ಷ ಸೊಪ್ಪು ಮಾರಿದೋಳು ನಾನು. ರಸ್ತೆ ಬಿಡ್ಬೇಕು ಅನ್ನೋದು ಸರಿಯೇ. ಬೆಳಗಿಂದ ಸಂಜೆಗಂಟ ಹೆಂಗಸ್ರು ಎಲ್ಲಿಗೋಗ್ಬೇಕು ಅನ್ನೋದೂ ಸರಿಯೇ. ಎರಡೂ ಸರಿ ಅನ್ನಿಸ್ತು, ಎತ್ತಿದೆ.’

ಯಾರೂ ನಗಲಿಲ್ಲ. ಒಂದಕ್ಕೇ ಹೇಳಬೇಕು ಅಂತ ಮುಖ್ಯಾಧಿಕಾರಿ ಮೆತ್ತಗೆ ಹೇಳಿದರು. ಆಯಮ್ಮ ಸ್ವಲ್ಪ ಹೊತ್ತು ನೆಲ ನೋಡಿ, ‘ಹಂಗಾದ್ರೆ ಕಕ್ಕಸ್ಸು ಕಟ್ಟಿದ್ ಮೇಲೆ’ ಅಂದು ಕೂತರು.

ಹೆಸರು ಕೂಗುವುದು 23ರವರೆಗೂ ನಡೆಯಿತು. ಈಗಲೇ ಸ್ಥಳಾಂತರ, 10. ಸೌಕರ್ಯ ಆದ ಮೇಲೆ, 11. ಅಧ್ಯಕ್ಷರು ಸೋತ ಕಡೆ ಇದ್ದರು. ಅವರ ಗಂಡನ ಅಂಗಡಿ ಅದೇ ರಸ್ತೆಯಲ್ಲಿದೆ. ಆದರೂ ಅಧ್ಯಕ್ಷರೇ ಓದಿ ಹೇಳಿದರು, ಎರಡನೇ ಪ್ರಸ್ತಾವ ಅಂಗೀಕಾರ ಅಂತ. ದನಿ ಒಂಚೂರೂ ಬದಲಾಗಲಿಲ್ಲ.

ನನಗೆ ಮತ ಇದ್ದಿದ್ದರೆ? ಸಭೆಗೆ ಹೋಗುವಾಗ ಕೇಳಿದ್ದರೆ ಮೊದಲನೆಯದಕ್ಕೆ ಅನ್ನುತ್ತಿದ್ದೆ. 6ನೇ ವಾರ್ಡಿನವರು ಕೂತ ಮೇಲೆ ಕೇಳಿದ್ದರೆ ಗೊತ್ತಿಲ್ಲ. ಮತ ಇಲ್ಲದ್ದು ಆವತ್ತು ಒಂದೇ ದಿನ ನನಗೆ ಹಗುರ ಅನ್ನಿಸಿತು.

ಸೋತವರು ಡಿಸಿಗೆ ಬರೆಯುತ್ತೇವೆ ಅಂದರು. ಪುರಸಭೆಯ ಠರಾವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಬರೆದರೋ ಇಲ್ಲವೋ, ತಡೆ ಏನೂ ಬರಲಿಲ್ಲ. ಹಾರ್ಡ್‌ವೇರ್ ಅಂಗಡಿಯವರು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ನಡಾವಳಿಯ ನಕಲು ಕೇಳಿದರಂತೆ. ಅವರಿಗಿಂತ ಮುಂಚೆ ನನಗೆ ಬಂತು, ಮುಂದಿನ ಅಜೆಂಡಾದ ಜೊತೆ. ಕೆಂಪು ಪೆನ್ನು ತಗೊಂಡೆ. ವಾರ್ಡ್ ನಂಬರ್ ಸಮೇತ ಯಾರು ಯಾವ ಕಡೆ ಅಂತ ಚೆನ್ನಾಗಿ ಬರೆದಿದ್ದಳು ಆ ಹುಡುಗಿ. ಸುದೀರ್ಘವಾಗಿ ಚರ್ಚಿಸಲಾಗಿ ಅಂತ ಇತ್ತು. ಈ ಸಲ ಅದು ನಿಜವೇ. ಕೊನೆಯ ಸಾಲು ಹೀಗಿತ್ತು: ‘11–10 ಮತಗಳಿಂದ ಸರ್ವಾನುಮತದಿಂದ ಅಂಗೀಕರಿಸಲಾಯಿತು.’

ಒಂದು ಪದದ ಕೆಳಗೆ ಗೀಟು ಹಾಕಿ ವಾಪಸ್ ಕಳಿಸಿದೆ.

ಶೌಚಾಲಯಕ್ಕೆ ಎರಡು ಸಲ ಟೆಂಡರ್ ಕರೆದರು. ಯಾರೂ ಹಾಕಲಿಲ್ಲ. ಮೂರನೇ ಸಲ ಒಬ್ಬರು ಹಾಕಿದ್ದಾರೆ, ಗೋಡೆ ಎದೆಮಟ್ಟ ಬಂದಿದೆ. ವ್ಯಾಪಾರಿಗಳ ಸಮಿತಿ ಒಮ್ಮೆ ಸೇರಿತು. ಸಂತೆ ಇನ್ನೂ ರಸ್ತೆಯಲ್ಲೇ ಇದೆ. ಆಂಬುಲೆನ್ಸಿನವರು ಗುರುವಾರ ಹಿಂದಿನ ಬೀದಿಯಿಂದ ಸುತ್ತಿಕೊಂಡು ಬರುತ್ತಾರೆ.

ಹೋದ ಗುರುವಾರ ಸಬ್ಬಸಿಗೆ ಸೊಪ್ಪು ತರಲು ಹೋಗಿದ್ದೆ. ಯಾವಾಗಲೂ ತಗೊಳ್ಳುವ ಹೆಂಗಸು ಕಟ್ಟು ಎತ್ತಿ ಕೊಡುತ್ತಾ, ‘ಮೇಷ್ಟ್ರೇ, ನಮ್ಮನ್ನ ಎಬ್ಬಿಸ್ತಾರಂತಲ್ಲ, ನೀವು ಯಾವ ಕಡೀಕೆ ವೋಟಾಕಿದ್ರಿ?’ ಅಂತ ಕೇಳಿದಳು.

‘ನನಗೆ ವೋಟಿಲ್ಲ ಕಣಮ್ಮ.’

‘ಮತ್ಯಾಕೆ ಹೋಗ್ತೀರಿ ಅಲ್ಲೀಗೆ?’ ಅಂದಳು. ನಾನು ಚೀಲ ಅಗಲಿಸಿ ಹಿಡಿದೆ. ಅವಳು ಇನ್ನೊಂದು ಕಟ್ಟು ಹಾಕಿ, ಅದಕ್ಕೆ ದುಡ್ಡು ಬೇಡ ಅಂದಳು.